ಉಗಾರದ ಖುರ್ದಾ

ಮಿರಜೆಯಿಂದ ಬೆಳಗಾವಿಯತ್ತ ಹೊರಟ ರೈಲು ಶೇಡಬಾಳವನ್ನು ದಾಟಿದ ಮೇಲೆ ಕಬ್ಬಿನ ಹೊಲಗಳ ನಡುವೆ ಉಗಾರ ಖುರ್ದ ಕಾಣಿಸುತ್ತದೆ. ಕೃಷ್ಣೆಯ ತೀರದ ಈ ಊರಿಗೆ ಹೆಸರು ತಂದುದು 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆ. 'ಖುರ್ದ' ಎಂಬ ಪಾರಸಿ ಪದಕ್ಕೆ ಚಿಕ್ಕದು ಎಂದರ್ಥ. ಚಿಲ್ಲರೆ ಹಣಕ್ಕೆ ಮರಾಠಿಯಲ್ಲಿ ಹೇಳುವ 'ಖುರ್ದಾ' ಅದರ ಒಡಹುಟ್ಟು.

ಈ ಸೀಮೆಯ ಹಳೆಯ ಚಿಲ್ಲರೆಗಳಲ್ಲಿ ಪ್ರಸಿದ್ಧವಾದುದು ತಾಮ್ರದ ಶಿವರಾಯಿ. ಒಂದು ಬದಿಗೆ 'ಶ್ರೀ ರಾಜಾ ಶಿವ', ಇನ್ನೊಂದು ಬದಿಗೆ 'ಛತ್ರಪತಿ' ಎಂಬ ನಾಗರಿ ಅಕ್ಷರಗಳು. ಶಿವಾಜಿಯ ಕಾಲದಲ್ಲಿ ಮೊದಲಾದ ಈ ನಾಣ್ಯವನ್ನು ಪೇಶವೆಗಳ ಆಳಿಕೆಯಲ್ಲಿಯೂ ಹಲವು ಟಂಕಸಾಲೆಗಳು ಅಚ್ಚುಹಾಕಿದವು. 1818ರಲ್ಲಿ ಪೇಶವಾಯಿ ಅಳಿದ ಮೇಲೂ ಅದು ಸಂತೆಗಳಲ್ಲಿ ಓಡಾಡಿತು. ಆದುದರಿಂದಲೇ ಅದು ವಿರಳವಲ್ಲ. ಅಲ್ಪ ವೇತನದ ಸಂಗ್ರಾಹಕನ ಕೈಗೂ ಎಟುಕುತ್ತದೆ. ಅಕ್ಷರದ ತಿರುವು, ಚುಕ್ಕೆಗಳ ಜೋಡಣೆ ಅಚ್ಚಿನಿಂದ ಅಚ್ಚಿಗೆ ಬೇರೆ. ಹತ್ತು ಶಿವರಾಯಿಗಳನ್ನು ಸಾಲಾಗಿಟ್ಟು ಭೂತಗನ್ನಡಿಯಲ್ಲಿ ನೋಡುವುದೇ ಒಂದು ವ್ಯಾಸಂಗ.

ಆದರೆ ಅದರ ಅಗ್ಗತನವೇ ಅದರ ಶತ್ರು. ಹಳೆಯ ತಾಮ್ರವೆಂದು ತೂಕಕ್ಕೆ ಮಾರಿದರೆ ಕುಲುಮೆಯಲ್ಲಿ ಕರಗುತ್ತದೆ; ಹುಣಸೆಹಣ್ಣಿನಿಂದ ತಿಕ್ಕಿದರೆ ಮೈ ಕೆಡುತ್ತದೆ. ನೆಲದಲ್ಲಿ ಹೂತ ನಿಧಿ ದೊರೆತರೆ ಸರಕಾರಕ್ಕೆ ತಿಳಿಸಬೇಕೆಂಬುದು ಕಾಯಿದೆ. ಮನೆಯ ಡಬ್ಬಿಯಲ್ಲಿರುವುದನ್ನಾದರೂ ಇದ್ದಂತೆಯೇ ಕಾಗದದ ಲಕೋಟೆಯಲ್ಲಿಟ್ಟು, ಯಾರಿಂದ, ಯಾವ ಊರಿನಿಂದ ಬಂದಿತೆಂದು ಬರೆದಿಡಿರಿ. ಆ ಒಂದು ಸಾಲಿಗೆ ಖರ್ಚಿಲ್ಲ. ಅದಿಲ್ಲದ ನಾಣ್ಯವು ತನ್ನ ಅರ್ಧ ಚರಿತ್ರೆಯನ್ನು ಕಳೆದುಕೊಳ್ಳುತ್ತದೆ.