ಮೂರು ಊರಿಗೆ ಒಂದು ಪಾಠ

ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂದು ಹಿರಿಯರು ಹೇಳಿದರು. ಮಾತು ಸುಳ್ಳಲ್ಲ. ಆದರೆ ಕೊಡುವವರು ಕಲಬುರಗಿಯಲ್ಲಿದ್ದು ಕೊಳ್ಳುವವರು ಅಫಜಲಪುರದಲ್ಲಿದ್ದರೆ ನಡುವೆ ಒಂದು ಬಸ್ಸು ಬೇಕಾಗುತ್ತದೆ. ಬಸ್ಸು ಹಿರಿಯರ ಮಾತು ಕೇಳಿ ಹೊರಡುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಆಳಂದ ಮಹಾರಾಷ್ಟ್ರದ ಗಡಿಯ ಕಡೆಯದು; ಉಳಿದೆರಡು ಭೀಮೆಯ ಸೀಮೆಯವು. ಮೂರಕ್ಕೂ ಸಮಾನವಾದ ಒಂದು ಬಡತನವುಂಟು. ಅಲ್ಲಿ ವಿಜ್ಞಾನದ ಪದವಿ ತರಗತಿಯನ್ನು ಹೇಗೋ ನಡೆಸಬಹುದು. ವಿಜ್ಞಾನದ ಒಂದು ವಿಶೇಷ ವಿಷಯವನ್ನು ನಡೆಸುವುದು ಕಷ್ಟ.

ಅಧ್ಯಾಪಕರ ಕೊರತೆಯೇ ಇದಕ್ಕೆ ಕಾರಣವೆಂದು ನಾವು ಹೇಳುತ್ತ ಬಂದಿದ್ದೇವೆ. ಕೊರತೆಯೇನೋ ಉಂಟು. ವಿದ್ಯಾರ್ಥಿಗಳ ಕೊರತೆಯೂ ಉಂಟೆಂಬುದನ್ನು ಮಾತ್ರ ಮರೆಯುತ್ತೇವೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರಲ್ಲಿಯ ಗೆರೆಗಳಿಂದ ವಸ್ತುವಿನ ಮೂಲವನ್ನು ತಿಳಿಯುವ ವಿದ್ಯೆಗೆ ರೋಹಿತಶಾಸ್ತ್ರವೆಂದು ಹೆಸರು. ಅದನ್ನು ಆಳವಾಗಿ ಕಲಿಯಬೇಕೆನ್ನುವವರು ಒಂದು ತಾಲ್ಲೂಕಿನಲ್ಲಿ ಒಬ್ಬರೋ ಇಬ್ಬರೋ. ಅಷ್ಟಕ್ಕಾಗಿ ಯಾವ ಸರ್ಕಾರ ಅಧ್ಯಾಪಕರನ್ನು ನೇಮಿಸೀತು? ಆ ಒಬ್ಬರು ತಮ್ಮ ಆಸೆಯನ್ನು ಮಡಿಚಿಟ್ಟು ಎಲ್ಲರಂತೆ ಬಿ.ಎಡ್.ಗೆ ಅರ್ಜಿ ಹಾಕುತ್ತಾರೆ. ಆದರೆ ಆಳಂದದ ಒಬ್ಬ, ಅಫಜಲಪುರದ ಒಬ್ಬಳು, ಜೇವರ್ಗಿಯ ಇಬ್ಬರು ತಮ್ಮ ತಮ್ಮ ಊರಿನಲ್ಲಿಯೇ ಒಂದು ಪರದೆಯ ಮುಂದೆ ಕುಳಿತರೆ ನಾಲ್ವರಾದರು. ಹತ್ತು ತಾಲ್ಲೂಕು ಸೇರಿದರೆ ತರಗತಿಯೇ ಆಯಿತು. ವಿಡಿಯೊ ಕಾನ್ಫರೆನ್ಸು ಒಬ್ಬ ಗುರುವನ್ನು ಹಲವರಿಗೆ ಹಂಚುತ್ತದೆಂದು ಎಲ್ಲರೂ ಹೊಗಳುತ್ತಾರೆ. ಅದು ಒಂಟಿಯಾದವರನ್ನು ಒಂದುಗೂಡಿಸುತ್ತದೆಂಬುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ದೂರದ ಪಾಠ ನಮ್ಮ ಸೀಮೆಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು, ಇಸ್ರೊ 'ಸೈಟ್' ಎಂಬ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಬಂತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು, ಆಗಿನ ಹೆಸರಿನಲ್ಲಿ ಹೇಳುವುದಾದರೆ, ವಿಜಾಪುರ, ರಾಯಚೂರು, ಗುಲಬರ್ಗಾ ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಕೋಳಿಗೂಡಿಗೆ ಬಿಗಿಯುವಂಥ ತಂತಿಬಲೆಯ ಹತ್ತಡಿಯ ಛತ್ರಿಯೊಂದು ಆಕಾಶಕ್ಕೆ ಮುಖ ಮಾಡಿರುತ್ತಿತ್ತು. ಬೆಳಗ್ಗೆ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು. ಪ್ರಾಥಮಿಕ ಶಾಲೆಗಳ ಸಾವಿರಾರು ಶಿಕ್ಷಕರಿಗೆ ವಿಜ್ಞಾನ ಕಲಿಸುವ ಬಗೆಯನ್ನೂ ಅದು ಹೇಳಿಕೊಟ್ಟಿತು. ವರ್ಷ ತುಂಬಿತು, ಎರವಲು ತಂದದ್ದು ಹಿಂದಕ್ಕೆ ಹೋಯಿತು. ಅಲ್ಲಿ ಒಂದೇ ಕೊರತೆ: ಪಾಠ ಇಳಿಯುತ್ತಿತ್ತು, ಹಳ್ಳಿಯ ಮಗುವಿನ ಪ್ರಶ್ನೆ ಮೇಲಕ್ಕೆ ಏರುತ್ತಿರಲಿಲ್ಲ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದರ ಮೊದಲ ಪ್ರಯೋಗಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಸೇರಿತ್ತು. ಒಬ್ಬರ ಪಾಠವನ್ನು ಹಲವು ಎಂಜಿನಿಯರಿಂಗ್ ಕಾಲೇಜುಗಳು ಕೇಳಿದವು, ಕುಳಿತಲ್ಲಿಂದ ಪ್ರಶ್ನೆಯನ್ನೂ ಕೇಳಬಹುದಾಗಿತ್ತು. 2010ರಲ್ಲಿ ಆ ಉಪಗ್ರಹದ ಆಯುಷ್ಯ ಮುಗಿಯಿತು. ಹತ್ತು ವರ್ಷದ ಮೇಲೆ, 2020ರಲ್ಲಿ, ಕೋವಿಡ್ ಬಂದು ಎಲ್ಲರ ಕೈಯ ಫೋನನ್ನೂ ಪಾಠಶಾಲೆ ಮಾಡಿತು. ಸಿಗ್ನಲ್ ಹುಡುಕಿ ಮಾಳಿಗೆ ಹತ್ತಿದ ಮಕ್ಕಳನ್ನು ನಾವು ಕಂಡೆವು. ಯಂತ್ರ ಸುಧಾರಿಸುತ್ತ ಬಂದಿದೆಯೆಂಬುದರಲ್ಲಿ ಸಂದೇಹವಿಲ್ಲ. ಇನ್ನು ಪ್ರಶ್ನೆ ಏರಲು ಅಡ್ಡಿಯೇನು?

ಅಡ್ಡಿ ಏನೆಂಬುದು ನನಗೆ ತಿಳಿದದ್ದು ನಮ್ಮ ಕಾಲೇಜಿನಲ್ಲಿ ಇಂಥ ಹಂಚಿಕೆಯ ತರಗತಿ ನಡೆದಾಗ. ಪಾಠ ಹೇಳುವವರು ಬೆಂಗಳೂರಿನಲ್ಲಿ. ಕೇಳುವವರು ಮೂರು ತಾಲ್ಲೂಕುಗಳಲ್ಲಿ. ಭೌತಶಾಸ್ತ್ರದವರು ಪ್ರಯೋಗಶಾಲೆಯಲ್ಲಿದ್ದುದರಿಂದ ಕೊಠಡಿಯಲ್ಲಿ ಕುಳಿತಿರುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದವರಿಗೆ ಯಾವಾಗಲೂ ಬಿಡುವಿರುತ್ತದೆಂಬುದು ಕಾಲೇಜುಗಳ ಹಳೆಯ ನಂಬಿಕೆ. ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ಪಾಠ ಹೇಳಿ, "ಡೌಟ್ಸ್?" ಎಂದು ಕೇಳಿ ಕಾಯುವರು. ಮೂರು ಊರೂ ಮೌನ. ಎಲ್ಲರಿಗೂ ಎಲ್ಲವೂ ತಿಳಿಯಿತೆಂದು ಅವರು ಮುಂದೆ ಹೋಗುವರು.

ಒಂದು ದಿನ ಮುಂದಿನ ಬೆಂಚಿನ ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ಭೀಮೆಯ ದಂಡೆಯ ಹಳ್ಳಿಯವಳು. ಕಲಬುರಗಿಯ ಹಾಸ್ಟೆಲಿಗೆ ಕಳಿಸಲು ಮನೆಯವರು ಒಪ್ಪಿರಲಿಲ್ಲ. ಈ ಕೊಠಡಿ ತಪ್ಪಿದರೆ ಅವಳಿಗೆ ಈ ವಿದ್ಯೆಯೇ ತಪ್ಪಿದಂತೆ. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು:

"ಸರ್, ಇದನ್ನ ಕನ್ನಡದಾಗ ಕೇಳಿದ್ರ ನಡೀತದೇನ್ರಿ?"

"ಯಾಕ ನಡಿಯಂಗಿಲ್ಲ? ಕೇಳವ್ವ," ಎಂದೆ.

ಅವಳು ಕೇಳಿದ್ದು ಇದು: ಸೂರ್ಯನ ಬೆಳಕನ್ನು ಬಿಡಿಸಿದಾಗ ನಡುನಡುವೆ ಕಪ್ಪು ಗೆರೆಗಳಿರುತ್ತವೆ, ಅಲ್ಲಿಯ ಬಣ್ಣವನ್ನು ಯಾವುದೋ ಅನಿಲ ನುಂಗಿದೆ ಎನ್ನುತ್ತೀರಿ, ನುಂಗಿದ್ದು ಸೂರ್ಯನ ಅನಿಲವೋ ನಮ್ಮ ಮೇಲಿನ ಗಾಳಿಯೋ, ಗೊತ್ತಾಗುವುದು ಹೇಗೆ?

ಪರದೆಯ ಮೇಲಿನ ಮುಖ ಅರಳಿತು. ಪ್ರಾಧ್ಯಾಪಕರು ಅಚ್ಚ ಕನ್ನಡಕ್ಕೆ ಇಳಿದರು. ಎರಡೂ ನುಂಗಿವೆಯಮ್ಮ, ಎಂದರು. ಸೂರ್ಯ ಕೆಳಗಿದ್ದಾಗ ಬೆಳಕು ಹೆಚ್ಚು ಗಾಳಿಯನ್ನು ಹಾಯ್ದು ಬರಬೇಕು. ಆಗ ದಟ್ಟವಾಗುವ ಗೆರೆ ನಮ್ಮ ಗಾಳಿಯದು. ಇನ್ನೊಂದು ಗುರುತೂ ಉಂಟು. ಸೂರ್ಯ ತಿರುಗುತ್ತಿರುವುದರಿಂದ ಅವನ ಎರಡು ಅಂಚುಗಳಲ್ಲಿ ಅವನ ಗೆರೆಗಳು ಒಂದಿಷ್ಟು ಸರಿಯುತ್ತವೆ. ಗಾಳಿಯ ಗೆರೆಗಳು ಕದಲುವುದಿಲ್ಲ. ಹಾಗೆಯೇ ಒಂದು ಹಳೆಯ ಕಥೆಯನ್ನೂ ಹೇಳಿದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿಯೂ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿಯೂ ರೋಹಿತದರ್ಶಕವನ್ನು ಹೂಡಿ ಕುಳಿತಿದ್ದರು. ಸೂರ್ಯನ ಅಂಚಿನಿಂದ ಚಾಚುವ ಜ್ವಾಲೆಗಳು ಅನಿಲವೆಂದು ಅಂದು ಕಂಡ ಹೊಳೆಯುವ ಗೆರೆಗಳಿಂದ ತಿಳಿಯಿತು. ಅದೇ ವರ್ಷ ಸೂರ್ಯನ ಬೆಳಕಿನಲ್ಲಿ ಗುರುತಿಸಿದ ಒಂದು ಹಳದಿ ಗೆರೆಯಿಂದಲೇ ಹೀಲಿಯಂ ಎಂಬ ಧಾತುವಿಗೆ ಹೆಸರು ಬಂದದ್ದು.

ಜಮಖಂಡಿ ಎಂದೊಡನೆ ಆಳಂದದ ಹುಡುಗ ತಲೆಯೆತ್ತಿದ. ಬೆಳಗಿನ ಬಿಸಿಲಿಗೂ ಮಧ್ಯಾಹ್ನದ ಬಿಸಿಲಿಗೂ ಇರುವ ಭೇದವನ್ನು ನಾವೇ ನೋಡಬಹುದೆ, ಎಂದ. ಅಫಜಲಪುರದಿಂದ ಇನ್ನೊಂದು ಪ್ರಶ್ನೆ ಬಂತು. ಆ ದಿನ ಪಾಠ ಅರ್ಧ ಗಂಟೆ ತಡವಾಗಿ ಮುಗಿಯಿತು.

ಪರದೆಗೆ ಮಿತಿಗಳಿವೆ. ಮಸೂರವನ್ನು ಒರೆಸಿ, ಸೀಳುಗಂಡಿಯನ್ನು ಹೊಂದಿಸಿ, ಗೆರೆ ಸ್ಫುಟವಾಗುವಾಗಿನ ಸಂತೋಷವನ್ನು ಅದು ಕಳಿಸಲಾರದು. ಅದಕ್ಕೆ ವರ್ಷಕ್ಕೆ ಹತ್ತು ದಿನವಾದರೂ ಮಕ್ಕಳು ನಿಜವಾದ ಪ್ರಯೋಗಶಾಲೆಗೆ ಹೋಗಬೇಕು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ಇದೆ. ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಕಲಬುರಗಿಯಲ್ಲಿದೆ. ದಾರಿ ಅಸಾಧ್ಯವಾದದ್ದೇನಲ್ಲ.

ಆದರೂ ಕಾಲೇಜುಗಳು ಇಂಥ ಪಾಠಕ್ಕೆ ಸಿದ್ಧವಾಗುವಾಗ ಪರದೆ, ಕ್ಯಾಮೆರಾ, ಧ್ವನಿವರ್ಧಕಗಳ ಪಟ್ಟಿಯನ್ನು ಬರೆಯುತ್ತವೆ. ಆ ಪಟ್ಟಿಯಲ್ಲಿ ನನ್ನದೊಂದು ಸೇರ್ಪಡೆ: ಪ್ರತಿ ಊರಿನ ಕೊಠಡಿಯಲ್ಲಿಯೂ ಮಕ್ಕಳ ಪಕ್ಕದಲ್ಲಿ ಕೂರುವ ಒಬ್ಬರು, ನಿಂತ ಲೇಖನಿಯನ್ನು ಗಮನಿಸಿ, "ಕೇಳು" ಎನ್ನುವವರು. ಆ ಗಂಟೆಯನ್ನು ಅವರ ವೇಳಾಪಟ್ಟಿಯಲ್ಲಿ ಕೆಲಸವೆಂದೇ ಬರೆಯಬೇಕು. ಅವರು ವಿಜ್ಞಾನದವರಾದರೆ ಒಳ್ಳೆಯದು. ಕನ್ನಡದವರಾದರೂ ಅಡ್ಡಿಯಿಲ್ಲ.