ಮಿಲ್ಟ್ರಿ ದನ

ನಮ್ಮ ತಾತನ ಬಾಯಲ್ಲಿ ತಿಪಟೂರು ಕಡೆಯ ಕೊನೇಹಳ್ಳಿ ಹುಲ್ಲುಗಾವಲಿನ ದನ ಕೊನೆಯವರೆಗೂ ‘ಮಿಲ್ಟ್ರಿ ದನ’ವೇ. ಮೈಸೂರು ಸರ್ಕಾರ ಆ ಅಮೃತಮಹಲ್ ಮಂದೆಯನ್ನು ಸೈನ್ಯದ ಇಲಾಖೆಯಿಂದ ತೆಗೆದು ಕೃಷಿ ಇಲಾಖೆಗೆ ವಹಿಸಿದ್ದು 1923ರಲ್ಲಿ. ನಾನು ಕಾವಲಿನ ಬೇಲಿ ನುಸುಳಲು ಕಲಿತದ್ದು ಅದಾಗಿ ಐವತ್ತು ವರ್ಷಕ್ಕೆ. ಆಗಲೂ ತಾತ ಬದುವಿನ ಮೇಲೆ ನಿಂತು ಕೂಗುತ್ತಿದ್ದದ್ದು, “ಮಿಲ್ಟ್ರಿ ದನ ಕಣ್ಲಾ, ಹತ್ರ ಹೋಗ್ಬ್ಯಾಡ, ತಿವ್ದಾಕ್ಬುಡ್ತವೆ!”

ತಿವಿಯುವಂಥವೇ. ಊರ ದನದಂತೆ ಹೊಸಬರ ಕೈ ನೆಕ್ಕುವ ಜಾತಿಯಲ್ಲ. ಗುರುತಿಲ್ಲದವರ ವಾಸನೆ ಬಂದರೆ ಮೊದಲು ಒಂದು ಹಸು ಮೇಯುವುದು ನಿಲ್ಲಿಸುತ್ತಿತ್ತು, ಆಮೇಲೆ ಮಂದೆಗೆ ಮಂದೆಯೇ ತಲೆಯೆತ್ತಿ ನಮ್ಮ ಕಡೆ ತಿರುಗುತ್ತಿತ್ತು. ಬೂದು ಮೈ; ಬುಡದಲ್ಲಿ ಒತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಗೆ ಸೂಜಿಯಾಗುವ ಕೊಂಬು. ಹಾಲು ಕರುವಿಗಾದರೆ ಆಯಿತು. ಹಾಲಿಗೆಂದು ಬೆಳೆಸಿದ ತಳಿಯಲ್ಲ ಅದು, ಫಿರಂಗಿ ಎಳೆಯಲಿಕ್ಕೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಮಂದೆಯ ಹೆಸರು ಬೆಣ್ಣೆ ಚಾವಡಿ. ಅಮೃತಮಹಲ್ ಎಂದದ್ದು ಟಿಪ್ಪು. ಅವನಪ್ಪ ಹೈದರಾಲಿ ಈ ಎತ್ತುಗಳನ್ನು ನಂಬಿಕೊಂಡೇ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ಹೋದನೆಂದು ಇಂಗ್ಲಿಷರೇ ಬರೆದಿಟ್ಟಿದ್ದಾರೆ. ತಳಿಯ ಮೂಲ ಹಳ್ಳಿಕಾರ್, ಚಿತ್ರದುರ್ಗ ಮತ್ತು ಹಾಗಲವಾಡಿ ದನ. ಹಾಗಲವಾಡಿ ಇಲ್ಲೇ ಪಕ್ಕದ ಗುಬ್ಬಿ ತಾಲ್ಲೂಕು. 1799ರಲ್ಲಿ ಶ್ರೀರಂಗಪಟ್ಟಣದ ಜೊತೆ ಮಂದೆಯೂ ಕಂಪನಿಯ ಪಾಲಾಯಿತು. 1860ರಲ್ಲಿ ಮದ್ರಾಸ್ ಸರ್ಕಾರದವರು ಖರ್ಚು ಉಳಿಸುತ್ತೇವೆಂದು ಅಷ್ಟನ್ನೂ ಮಾರಿದರು. ಒಳ್ಳೊಳ್ಳೆಯವು ಈಜಿಪ್ಟಿನ ಪಾಷಾನ ಕಡೆ ಹೋದವು. ಫಿರಂಗಿಗೆ ಎತ್ತು ಸಿಗದಾದಾಗ ಬುದ್ಧಿ ಬಂತು. 1866ರಲ್ಲಿ ಅಳಿದುಳಿದದ್ದನ್ನು ಹುಡುಕಿ ತಂದು ಮತ್ತೆ ಮಂದೆ ಕಟ್ಟಿದರು. ಜಮಾಖರ್ಚು ನೋಡುವವರ ಜಾಣತನ ಆಗಲೂ ಹೀಗೇ ಇತ್ತು.

ಮಂದೆಗೆ ಬಿಟ್ಟ ನೆಲ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಹೆಚ್ಚು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗೆ ಮತ್ತೊಂದು; ದನ ವರ್ಷವಿಡೀ ನಡೆಯುತ್ತಲೇ ಇರಬೇಕು. ಆ ನೆಲವೆಲ್ಲ ಎಲ್ಲಿ ಹೋಯಿತೆಂದು ಊರಿನಲ್ಲಿ ಕೇಳಿದರೆ ಸರ್ಕಾರವನ್ನು ಬೈಯುತ್ತಾರೆ. ಸರ್ಕಾರ ಹಂಚಿದ್ದು ನಿಜ. ಆದರೆ ನಮ್ಮ ತಾತ ಹೇಗೆ ತೆಗೆದುಕೊಂಡರೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಮುಂಗಾರು ಬಿದ್ದ ವಾರ ಹಳೆಯ ಕತ್ತಾಳೆ ಸಾಲಿನಿಂದ ಎರಡು ಮಾರು ಆಚೆಗೆ ಹೊಸ ಸಸಿ ಊರುವುದು. ಮೂರ್ನಾಲ್ಕು ವರ್ಷಕ್ಕೆ ಅದೇ ಬೇಲಿ. ಆಮೇಲೆ ಒಳಗಿನ ಹಳೇ ಸಾಲು ಕಿತ್ತು, ಪಟ್ಟೆ ಕೊಳೆಹಾಕಿ, ಬಡಿದು, ನಾರು ತೆಗೆದು ಹಗ್ಗ ಹೊಸೆಯುವುದು. ಕಾವಲಿನ ಗಡಿಯನ್ನೇ ಹೊಸೆದ ಆ ಹಗ್ಗದಲ್ಲಿ ನಮ್ಮ ದನ ಕಟ್ಟುತ್ತಿದ್ದೆವು. ಖಾಲಿಯಾದ ಜಾಗಕ್ಕೆ ತೆಂಗಿನ ಸಸಿ. ನಾನು ನೀರು ಹೊತ್ತಿದ್ದೇನೆ.

ಕೊನೇಹಳ್ಳಿ ಪೂರಾ ಮುಗಿದಿಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಮೃತಮಹಲ್ ಸಂಶೋಧನಾ ಕೇಂದ್ರ ಅಲ್ಲಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ತಿಪಟೂರಿನಿಂದ ಹೋಗುವವರು ಹೆಚ್ಚಾಗಿ ತೆಂಗಿನ ರೋಗಕ್ಕೆ ಔಷಧಿ ಕೇಳಲು ಹೋಗುತ್ತಾರೆ, ದನ ನೋಡಲು ಅಲ್ಲ. ಎತ್ತಿನ ಕೆಲಸವೇ ಇಲ್ಲದ ಮೇಲೆ ಅವರನ್ನು ದೂರುವಂತಿಲ್ಲ.

ತಮಾಷೆಯೆಂದರೆ, ಬಿಟ್ಟುಹೋದ ಮಿಲ್ಟ್ರಿ ಕಾವಲಿಗೇ ವಾಪಸು ಬಂದಿದೆ. ಚಳ್ಳಕೆರೆಯ ಕಡೆ ಅಮೃತಮಹಲ್ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓಗೆ 4,290 ಎಕರೆ ಕೊಟ್ಟರು. 2017ರಲ್ಲಿ ಅಲ್ಲಿ ಡ್ರೋನ್ ಪರೀಕ್ಷಿಸುವ ನೆಲೆ ಶುರುವಾಯಿತು. ಎರಡು ಕಿಲೋಮೀಟರಿಗೂ ಉದ್ದದ ರನ್‌ವೇ, ರೇಡಾರ್ ಕೇಂದ್ರ, ಸುತ್ತ ಗೋಡೆ. ನಮ್ಮ ಜಿಲ್ಲೆಯಲ್ಲೇ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆಯಲ್ಲಿ ಎದ್ದು, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಊರ ಹೆಸರು ಬಿದರೆಹಳ್ಳ ಕಾವಲ್.

ಆ ಗೋಡೆಗಳಾಚೆ ಕತ್ತಾಳೆ ಊರುವ ಧೈರ್ಯ ಯಾರಿಗೂ ಬರಲಾರದು. ನಮ್ಮ ಕಾಲಕ್ಕೆ ಕಾಯುತ್ತಿದ್ದದ್ದು ಬರೀ ಕೊಂಬು. ತಾತ ಒತ್ತಿದ ನೆಲದ ಎರಡು ಸಾಲು ತೆಂಗು ಈಗಲೂ ಫಸಲಿಗಿದೆ. ಹೋದ ವರ್ಷ ಇಳಿಸಿದ ಕಾಯಿ ನಮ್ಮ ಅಟ್ಟದಲ್ಲಿ ಉಂಡೆ ಕೊಬ್ಬರಿಯಾಗುತ್ತಿದೆ.