ಬಸಿದ ನೀರಿನ ಬಡಾಯಿ

ತಿಂಗಳ ಮೊದಲ ವಾರದಲ್ಲಿ ಎಲ್ಲರೂ ಒಳ್ಳೆಯ ಅಡುಗೆಯವರೇ. ಸಂಬಳ ಬಂದಿರುತ್ತದೆ, ಡಬ್ಬಗಳು ತುಂಬಿರುತ್ತವೆ, ಮೇಲೆ ನಾಲ್ಕು ಗೋಡಂಬಿ ಉದುರಿಸಿದರೆ ಗಂಟುಗಂಟು ಉಪ್ಪಿಟ್ಟೂ ಮದುವೆ ಮನೆಯದಾಗಿಬಿಡುತ್ತದೆ. ಕೈಗುಣ ಗೊತ್ತಾಗುವುದು ಇಪ್ಪತ್ತನೇ ತಾರೀಕು ಕಳೆದ ಮೇಲೆ. ತೊಗರಿಬೇಳೆ ಡಬ್ಬದ ತಳಕ್ಕೆ ಲೋಟ ತಾಗಿ ಕರಕರ ಅನ್ನುವಾಗ, ಎಣ್ಣೆ ಪ್ಯಾಕೆಟ್ಟನ್ನು ಕತ್ತರಿಯಿಂದ ಸೀಳಿ ಒಳಗಂಟಿದ ಜಿಡ್ಡನ್ನೂ ಬಾಣಲೆಗೆ ಬಳಿಯುವಾಗ, ನಡುಮನೆಯಿಂದ ಒಂದು ದನಿ ಬರುತ್ತದಲ್ಲ, "ಇವತ್ತೇನು ಅಡುಗೆ?" ಅಂತ, ಆಗ.

ಕೇಳುವವರಿಗೆ ಅದು ಎರಡು ಪದದ ಪ್ರಶ್ನೆ. ಉತ್ತರ ಹೇಳುವವಳು ಅಷ್ಟರಲ್ಲಿ ಮನಸ್ಸಿನೊಳಗೇ ಒಂದು ಬಜೆಟ್ಟು ಮಂಡಿಸಿ, ಚರ್ಚಿಸಿ, ಪಾಸು ಮಾಡಿಸಿಕೊಂಡಿರುತ್ತಾಳೆ.

ಗಮನಿಸಿ ನೋಡಿ, ಆ ಪ್ರಶ್ನೆ ಅನ್ನದ ಬಗ್ಗೆ ಅಲ್ಲವೇ ಅಲ್ಲ. ಅನ್ನ ಇದ್ದೇ ಇರುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲಂತೂ ಕಾರ್ಡಿದ್ದವರ ಮನೆಗೆ ಅಕ್ಕಿ ತಲುಪುತ್ತದೆ. ತಾಪತ್ರಯವೆಲ್ಲ ಅನ್ನದ ಪಕ್ಕದ್ದು. ಅಕ್ಕಿ ಬಿಟ್ಟಿ, ಬೇಳೆ ಬೆಂಕಿ. ಬರೀ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ಅದು ಬೇಳೆಕಾಳಿನಲ್ಲಿ ಧಾರಾಳ. ಬೇಳೆಯಲ್ಲಿ ಕಡಿಮೆಯಾದ ಮೆಥಿಯೊನಿನ್ ಅಕ್ಕಿಯಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಜಾತಕ ಹೀಗೆ ಕೂಡಿಬಂದರೂ ಸಂಸಾರ ನಡೆಯಬೇಕಾದರೆ ಇಬ್ಬರೂ ಮನೆಯಲ್ಲಿರಬೇಕಲ್ಲ! ತಿಂಗಳ ಕೊನೆಗೆ ಬೇಳೆ ಮುನಿಸಿಕೊಂಡು ಅಂಗಡಿಯಲ್ಲೇ ಉಳಿಯುತ್ತದೆ.

ನಾನು ಬಸ್ಸಾರಿನ ಪಕ್ಷದವಳು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅನ್ನಬೇಡಿ. ಮಂಡ್ಯದ ಕಡೆಯವರಾದ ನಮ್ಮತ್ತೆಯ ಕೈಯಲ್ಲಿ ಕಲಿತದ್ದು. ಒಂದು ಪಾವು ತೊಗರಿಬೇಳೆಯೋ ಅಲಸಂದೆಯೋ ಹೆಸರುಕಾಳೋ ತೆಗೆದುಕೊಂಡು, ಸಾರಿಗೆಷ್ಟು ಬೇಕೋ ಅಷ್ಟು ನೀರನ್ನು ಮೊದಲೇ ಇಟ್ಟು ಬೇಯಿಸಬೇಕು. ಇಲ್ಲಿ ಕುಕ್ಕರಿನ ಅವಸರ ನಡೆಯುವುದಿಲ್ಲ. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕಲಸಿಹೋಗಬಾರದು. ಆಗ ಹೆಚ್ಚಿಟ್ಟ ದಂಟಿನ ಸೊಪ್ಪನ್ನು, ಎಳೆಯ ಕಡ್ಡಿಗಳ ಸಮೇತ, ಹಾಕಿ ಉಪ್ಪು ಉದುರಿಸಿ ಇನ್ನೊಂದು ಕುದಿ. ಆಮೇಲೆ ಪಾತ್ರೆಯ ಬಾಯಿಗೆ ಸಿಬ್ಬಲು ಹಿಡಿದು ಬಸಿಯುವುದು. ಕೆಳಗೆ ಇಳಿದದ್ದು ಕಟ್ಟು, ಮೇಲೆ ಉಳಿದದ್ದು ಪಲ್ಯ.

ಇಷ್ಟೇ ಆದರೆ ಬಡಾಯಿ ಏನಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಮೆಣಸಿನಕಾಳು, ಸಾರಿನ ಪುಡಿ ಬಾಡಿಸಿಕೊಂಡು, ಒಂದು ಚೂರು ಕಾಯಿ, ಒಂದು ಎಸಳು ಹುಣಸೆ, ಜೊತೆಗೆ ಬಸಿದ ಸೊಪ್ಪುಬೇಳೆಯಿಂದಲೇ ಒಂದು ಹಿಡಿ ತೆಗೆದು ರುಬ್ಬಬೇಕು. ಆ ಒಂದು ಹಿಡಿಯೇ ಗುಟ್ಟು. ಕಾಯಿ ಕಡಿಮೆಯಾದದ್ದನ್ನು ಅದು ಮುಚ್ಚಿಹಾಕುತ್ತದೆ, ಸಾರಿಗೆ ಮೈ ಬರುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಉಳಿದ ಸೊಪ್ಪುಬೇಳೆಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾವು ಬೇಳೆ, ಒಂದೇ ಕಂತೆ ಸೊಪ್ಪು, ತಟ್ಟೆಯಲ್ಲಿ ಎರಡು ಬಗೆ. ಮನೆಗೆ ಬಂದ ನೆಂಟರು "ಎರಡೆರಡು ಯಾಕೆ ಮಾಡೋಕೆ ಹೋದ್ರಿ" ಅಂತ ಉಪಚಾರದ ಮಾತಾಡುತ್ತಾರೆ. ನಾವೂ "ಅಯ್ಯೋ, ಅದಕ್ಕೇನು" ಅಂತ ದೊಡ್ಡವರಾಗುತ್ತೇವೆ.

ಬೇಯಿಸಿದ ನೀರನ್ನು ಮೋರಿಗೆ ಸುರಿಯುವವರನ್ನು ಕಂಡರೆ ನಮ್ಮತ್ತೆಗೆ ಆಗುತ್ತಿರಲಿಲ್ಲ. "ನೀರ್ ಚೆಲ್ಬೇಡ ಕಣವ್ವ, ಸತ್ವ ಎಲ್ಲಾ ಅದ್ರಲ್ಲೇ ಇಳ್ದಿರ್ತದೆ" ಅನ್ನುತ್ತಿದ್ದರು. ಬಿ ಗುಂಪಿನ ಜೀವಸತ್ವಗಳು ನೀರಿನಲ್ಲಿ ಕರಗುವಂಥವು, ಖನಿಜಗಳೂ ಒಂದಷ್ಟು ಬಿಟ್ಟುಕೊಳ್ಳುತ್ತವೆ ಅಂತ ಪಠ್ಯಪುಸ್ತಕ ಹೇಳುವುದನ್ನು ಅವರು ಓದಿದವರಲ್ಲ. ಓದಿದ ನಾವು ನೂಡಲ್ಸಿಗೂ ಬಸಿದು, ಬೀನ್ಸಿಗೂ ಬಸಿದು, ಮೋರಿಯನ್ನು ಚೆನ್ನಾಗಿ ಸಾಕುತ್ತಿದ್ದೇವೆ.

ತೊಗರಿ ಕೈಗೆಟುಕದಾಗ ಹುರುಳಿ ಇದೆ. ನೂರು ಗ್ರಾಮಿಗೆ ಇಪ್ಪತ್ತು ಗ್ರಾಂ ಮೀರಿ ಪ್ರೋಟೀನು ಇಟ್ಟುಕೊಂಡು, ತೊಗರಿಗೆ ಸರಿಸಮನಾಗಿ ನಿಂತಿದ್ದರೂ, ಎತ್ತು ಕುದುರೆಗಳ ಪಂಕ್ತಿಯಲ್ಲಿ ಕೂತ ತಪ್ಪಿಗೆ ಬಡಪಾಯಿಗೆ ಮರ್ಯಾದೆ ಇಲ್ಲ. ಹುರುಳಿಕಟ್ಟಿನ ಸಾರನ್ನು ಒಂದು ದಿನ ಬಿಟ್ಟು ಮತ್ತೆ ಕುದಿಸಿ ಉಣ್ಣಬೇಕು. ಹೊಸತಾಗಿ ಉಂಡು ಚೆನ್ನಾಗಿಲ್ಲ ಅನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಒಂದೇ ಮಾತು: ಕಾಳನ್ನು ರಾತ್ರಿಯೇ ನೆನೆಹಾಕಿ. ನೆನೆಸದೆ ಬೇಯಿಸಹೋದರೆ ಕಾಳಿನಲ್ಲಿ ಉಳಿಸಿದ ದುಡ್ಡನ್ನು ಗ್ಯಾಸು ತಿಂದುಹಾಕುತ್ತದೆ. ಸಿಲಿಂಡರಿನ ಲೆಕ್ಕ ಹಿಡಿಯದೆ ಅಗ್ಗದ ಅಡುಗೆ ಅನ್ನುವವರು ಅಡುಗೆ ಮಾಡದವರು.

ಟೊಮೆಟೊ ವಿಷಯಕ್ಕೆ ಬರುತ್ತೇನೆ, ಬರದೆ ಇರಲಾರೆ. 2023ರ ಜುಲೈ ನೆನಪಿದೆಯಲ್ಲ? ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಬಾಕ್ಸು 2,000 ರೂಪಾಯಿ ದಾಟಿ, ತೋಟಕ್ಕೆ ರಾತ್ರಿ ಕಾವಲು ಕೂರುವ ಕಾಲ ಬಂದಿತ್ತು. ಬೆಳೆದವರು ಅಪರೂಪಕ್ಕೆ ನಾಲ್ಕು ಕಾಸು ಕಂಡರು, ಸಂತೋಷ. ಆದರೆ ಪೇಟೆಯ ಮನೆಗಳಲ್ಲಿ ಎದ್ದ ಗೋಳು ನೋಡಬೇಕಿತ್ತು, ಟೊಮೆಟೊ ಇಲ್ಲದೆ ಸಾರು ಮಾಡುವುದಾದರೂ ಹೇಗೆ ಅಂತ. ದಕ್ಷಿಣ ಅಮೆರಿಕದ ಕಡೆಯಿಂದ ಹಡಗು ಹತ್ತಿ ಬಂದ ಹಣ್ಣು ಅದು, ನಮ್ಮ ಸಾರು ಅದಕ್ಕಿಂತ ಹಿರಿಯದು. ಶ್ರಾದ್ಧದ ಅಡುಗೆಗೆ ಇವತ್ತಿಗೂ ಅನೇಕ ಮನೆಗಳಲ್ಲಿ ಟೊಮೆಟೊ, ಆಲೂಗೆಡ್ಡೆ, ಒಣಮೆಣಸಿನಕಾಯಿ ಮುಟ್ಟಿಸುವುದಿಲ್ಲ, ಖಾರಕ್ಕೆ ಕಾಳುಮೆಣಸು. ಪಿತೃಗಳಿಗೆ ಟೊಮೆಟೊ ಪರಿಚಯವಿಲ್ಲ. ಆದರೂ ಅವರು ಒಳ್ಳೆಯ ಸಾರನ್ನೇ ಉಂಡು ಹೋದವರು. ಹುಳಿಗೆ ಹುಣಸೆ ಇತ್ತು, ಕಾಲಕ್ಕೆ ಮಾವಿನಕಾಯಿ ಇತ್ತು, ಕರಾವಳಿಯಲ್ಲಿ ಬಿಂಬುಳಿ, ಉತ್ತರದಲ್ಲಿ ಪುಂಡಿಸೊಪ್ಪು. ಬೆಲೆ ಏರಿದ ವಸ್ತುವನ್ನು ಕೆಲವು ವಾರ ಮರೆತುಬಿಡುವುದು ಹರಕೆ ಹೊತ್ತು ಮಾಡುವಂಥ ತ್ಯಾಗವೇನಲ್ಲ.

ಉತ್ತರ ಅಂದಕೂಡಲೇ ನಮ್ಮ ಪಕ್ಕದ ಮನೆಯ ಧಾರವಾಡದ ಅಕ್ಕೋರು ನೆನಪಾಗುತ್ತಾರೆ. ನಾನು ಬೇಳೆಯ ಬೆಲೆ ಹೇಳಿಕೊಂಡು ಅಳುತ್ತಿದ್ದರೆ ಅವರಿಗೆ ನಗು. "ದಿನಾ ಬ್ಯಾಳಿ ಬ್ಯಾಳಿ ಅಂತ ಯಾಕ ಬಡಕೋತೀರಿ? ಡಬ್ಬಿ ತುಂಬ ಶೇಂಗಾ ಹಿಂಡಿ ಕುಟ್ಟಿ ಇಡ್ರಿ. ಬಿಸಿ ರೊಟ್ಟಿಗೆ ಹಿಂಡಿ ಹಚ್ಚಿ, ಮ್ಯಾಲೆ ಒಂದೀಟು ಮೊಸರು. ಮುಗೀತು!" ಮಾತು ನಿಜ. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪುಖಾರ, ಉಪ್ಪು. ಒಲೆಯ ಕೆಲಸ ಹುರಿಯುವಷ್ಟೇ. ಶೇಂಗಾದಲ್ಲಿ ನಾಲ್ಕನೇ ಒಂದು ಪಾಲು ಪ್ರೋಟೀನು. ಅವರ ಮನೆಯಲ್ಲಿ ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಲ್ಲವೂ ಸಾಲಾಗಿ ನಿಂತಿರುತ್ತವೆ, ಯಾವತ್ತು ತರಕಾರಿ ಇಲ್ಲವೋ ಅವತ್ತು ಮುಚ್ಚಳ ತೆರೆಯುತ್ತದೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬಡ ಮಕ್ಕಳಿಗೆಂದು ಅಗ್ಗದ ಪೌಷ್ಟಿಕ ಪುಡಿಯೊಂದನ್ನು ತಯಾರಿಸಿದ್ದರು: ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು, ಮೇಲಿಷ್ಟು ಜೀವಸತ್ವ. ಇದನ್ನು ಅಕ್ಕೋರಿಗೆ ಹೇಳಿದೆ. "ಖಾರ ಹಾಕಿರ್ಲಿಲ್ಲೇನ್ರಿ ಅದಕ್ಕ?" ಅಂದರು. ಇಲ್ಲ ಅಂದೆ. ಪಾಪ ಅನ್ನುವಂತೆ ತಲೆ ಆಡಿಸಿದರು.

ಮುದ್ದೆ ಅಗ್ಗದ ಊಟ ಅನ್ನುವ ಮಾತು ಮಾತ್ರ ಈಗ ಹಳತಾಯಿತು. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತಿ, ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸಿ, ಕೊನೆಗೆ ಕೆಡದೆ ಉಳಿದ ರಾಗಿಯನ್ನು ಗೆಲ್ಲಿಸಿದ. ಆ ತೀರ್ಪು ಪೇಟೆಗೆ ತಲುಪಲು ಇಷ್ಟು ಶತಮಾನ ಹಿಡಿಯಿತು ಅಂತ ಕಾಣುತ್ತದೆ. 2025-26ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ರಾಗಿಗೆ 4,886. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿದ ಮೇಲೆ ರಾಗಿ ಬಿಸ್ಕತ್ತು, ರಾಗಿ ಪಾಸ್ತಾ ಎಲ್ಲ ಹೊಳೆಯುವ ಪೊಟ್ಟಣ ಸೇರಿವೆ. ಬೆಳೆದ ರೈತನಿಗೆ ಬೆಲೆ ಸಿಗಲಿ, ಬೇಡ ಅನ್ನುವವರು ಯಾರು? ಆದರೆ ಬಿಸ್ಕತ್ತಿನಲ್ಲಿ ಮೈದಾ ಎಷ್ಟು, ಸಕ್ಕರೆ ಎಷ್ಟು ಅಂತ ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದಿ ಆಮೇಲೆ ದುಡ್ಡು ಕೊಡಿ. ನಾವಂತೂ ಕಾಳು ರಾಗಿ ತಂದು ತೊಳೆದು ಒಣಗಿಸಿ ಗಿರಣಿಗೆ ಕೊಡುತ್ತೇವೆ. ಅಕ್ಕಿಗಿಂತ ದುಬಾರಿಯಾದರೂ ಬಿಡದಿರಲು ಕಾರಣ ಸುಣ್ಣದಂಶ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಇದೆ. ಹಾಲಿನ ಲೋಟ ಕಂಡರೆ ಮೂತಿ ತಿರುಗಿಸುವ ಮಗ ಇರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಎಸರು ಮರಳುವಾಗ ಹಿಟ್ಟು ಸುರಿದು, ಅಲ್ಲಾಡಿಸದೆ ಬೇಯಲು ಬಿಟ್ಟು, ಆಮೇಲೆ ಕೋಲು ಹಾಕಿ ಗಂಟಿಲ್ಲದಂತೆ ತೊಳಸಬೇಕು. ಒದ್ದೆ ಬೆರಳು ಮುಟ್ಟಿಸಿದರೆ ಅಂಟದಿದ್ದರೆ ಬೆಂದಿತು ಅಂತ ಲೆಕ್ಕ. ರಟ್ಟೆ ನೋಯುತ್ತದೆ. ಜಿಮ್ಮಿನ ಫೀಸು ಉಳಿಯಿತು ಅನ್ನಿ.

ಮಲೆನಾಡಿನವರ ತಂಬುಳಿಗೆ ಇಷ್ಟೂ ರಗಳೆ ಇಲ್ಲ. ಹಿತ್ತಲಿನ ಒಂದೆಲಗವೋ ದೊಡ್ಡಪತ್ರೆಯೋ ಒಂದು ಹಿಡಿ, ಜೀರಿಗೆ, ಚೂರು ಕಾಯಿ, ಮಜ್ಜಿಗೆ. ಹಿತ್ತಲು ಇಲ್ಲದವರು ಕುಂಡದಲ್ಲಿ ದೊಡ್ಡಪತ್ರೆಯ ಕಡ್ಡಿ ನೆಟ್ಟರೂ ಬರುತ್ತದೆ. ಹೀರೆಕಾಯಿ ಸಿಪ್ಪೆ ಚಟ್ನಿಯಾಗುತ್ತದೆ, ಕಲ್ಲಂಗಡಿಯ ಬಿಳಿಭಾಗ ದೋಸೆಯಾಗುತ್ತದೆ, ಮೂಲಂಗಿಯ ಸೊಪ್ಪನ್ನು ಅಂಗಡಿಯವನಿಗೆ ಬಿಟ್ಟುಬರುವುದು ಮಹಾಪಾಪ. ಸೊಪ್ಪು ಕೊಳ್ಳಲು ಸಂತೆಯ ಕೊನೆ ಹೊತ್ತು ಒಳ್ಳೆಯದು, ಗುಡ್ಡೆ ಲೆಕ್ಕದಲ್ಲಿ ಕೊಡುತ್ತಾರೆ. ಆದರೆ ದಿನವೆಲ್ಲ ಬಿಸಿಲಲ್ಲಿ ಕೂತವಳ ಹತ್ತಿರ ಐದು ರೂಪಾಯಿಗೆ ಚೌಕಾಶಿ ಮಾಡಿ ಗೆದ್ದು, ಮಾಲಿನಲ್ಲಿ ಕಾಫಿಗೆ ಕೇಳಿದಷ್ಟು ಕೊಟ್ಟು ಬರುವವರನ್ನು ನಾನು ಉಳಿತಾಯಗಾರರು ಅನ್ನುವುದಿಲ್ಲ.

ಇನ್ನೊಂದು ಉಳಿತಾಯವಿದೆ, ಅದನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ. ಬಸ್ಸಾರು ಬಡಿಸುವಾಗ ಪಲ್ಯ ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ. ಬಡಿಸಿದವಳು ಕೊನೆಗೆ ಕೂತಾಗ ಪಾತ್ರೆಯಲ್ಲಿ ಸಾರು ಇರುತ್ತದೆ, ಪಲ್ಯ ಇರುವುದಿಲ್ಲ. "ನಂಗೆ ಸಾರೇ ಇಷ್ಟ" ಅನ್ನುತ್ತಾಳೆ. ನಮ್ಮತ್ತೆ ಜೀವನಪೂರ್ತಿ ಅಂದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ. ಅಗ್ಗದ ಅಡುಗೆಯ ಹೊಗಳಿಕೆ ಹಾಡುವಾಗ, ಉಳಿದ ದುಡ್ಡು ಯಾರ ತಟ್ಟೆಯಿಂದ ಉಳಿಯಿತು ಅಂತ ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು. ಸೊಪ್ಪಿನ ಪಲ್ಯಕ್ಕೆ ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ, ಊಟವಾದ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ. ಇದೆಲ್ಲ ಸರಿಯೇ. ಆದರೆ ಹಿಂಡಲು ತಟ್ಟೆಯಲ್ಲಿ ಪಲ್ಯ ಇರಬೇಕಲ್ಲ.

ಅದಕ್ಕೇ ನಮ್ಮ ಮನೆಯಲ್ಲಿ ಪಲ್ಯವನ್ನು ಒಲೆಯ ಹತ್ತಿರವೇ ನಾಲ್ಕು ಬಟ್ಟಲಿಗೆ ಹಾಕಿಬಿಡುತ್ತೇನೆ, ಬಡಿಸುವ ಪಾತ್ರೆಯೇ ಹೊರಗೆ ಬರುವುದಿಲ್ಲ. ಮೊಟ್ಟೆ ಬೇಯಿಸಿದರೂ ತಲೆಗೊಂದು, ನನ್ನ ತಲೆಯೂ ಸೇರಿ. ಮೊದಮೊದಲು ಇದು ಹೋಟೆಲಿನ ಪ್ಲೇಟ್ ಊಟದ ಹಾಗಾಯಿತು ಅಂತ ಯಜಮಾನರು ಗೊಣಗಿದರು. ಮಗ ಇನ್ನೊಂದು ಮೊಟ್ಟೆ ಬೇಕು ಅಂದ. ಅಪ್ಪನ ಬಟ್ಟಲು ತೋರಿಸಿದೆ. ಇಬ್ಬರೂ ಏನೋ ಒಪ್ಪಂದ ಮಾಡಿಕೊಂಡರು, ಸ್ಕೂಟರ್ ಒರೆಸುವುದಕ್ಕೆ ಸಂಬಂಧಪಟ್ಟದ್ದು ಅಂತ ಕೇಳಿಸಿತು. ನಾನು ನಡುವೆ ಬಾಯಿ ಹಾಕಲಿಲ್ಲ, ನನ್ನ ಬಾಯಲ್ಲಿ ಮೊಟ್ಟೆ ಇತ್ತು.